ಫ್ಲ್ಯಾಶ್ ಬ್ರಾಕೆಟ್

ಫ್ಲ್ಯಾಶ್ ಬ್ರಾಕೆಟ್ ಎಂಬುದು ಕ್ಯಾಮೆರಾದ ತಳಕ್ಕೆ ತಿರುಪಿನಿಂದ ಬಿಗಿದು, ಫ್ಲ್ಯಾಶ್ ದೀಪವನ್ನು ಲೆನ್ಸಿನಿಂದ ಒಂದಷ್ಟು ದೂರದಲ್ಲಿ, ಪಕ್ಕಕ್ಕೋ ಮೇಲಕ್ಕೋ ನಿಲ್ಲಿಸುವ ಲೋಹದ ಚೌಕಟ್ಟು. ಮದುವೆ, ಆರತಕ್ಷತೆ, ಸೀಮಂತ, ನಾಮಕರಣ, ಸನ್ಮಾನಗಳಂಥ ಕಡೆ ಜನರ ನಡುವೆ ಓಡಾಡುತ್ತಲೇ ಚಿತ್ರ ತೆಗೆಯಬೇಕಾಗುತ್ತದೆ. ಮನೆಯಲ್ಲಿ ಭಾವಚಿತ್ರ ತೆಗೆಯುವಾಗ ಸ್ಟ್ಯಾಂಡಿನ ಮೇಲೆ ದೀಪ ಹೂಡಲು ಹಲವು ಸಲ ಜಾಗವಿರುವುದಿಲ್ಲ. ಇಂಥ ಎರಡೂ ಸಂದರ್ಭಗಳಲ್ಲಿ ಬ್ರಾಕೆಟ್ ನೆರವಿಗೆ ಬರುತ್ತದೆ. ಅದು ಬೆಳಕು ಬರುವ ದಿಕ್ಕನ್ನು ಬದಲಿಸುತ್ತದೆ, ಅಷ್ಟೇ. ಬೆಳಕನ್ನು ಮೃದುಗೊಳಿಸುವ ಶಕ್ತಿ ಅದಕ್ಕಿಲ್ಲ. ಈ ಎರಡನ್ನೂ ಒಂದೇ ಎಂದುಕೊಂಡು ಕೊಂಡವರಿಗೆ ಅದು ನಿರಾಸೆಯನ್ನೇ ತರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಮದುವೆಗಳಲ್ಲಿ ಹಸೆಮಣೆಯ ಮೇಲೆ ತಗ್ಗಿನಲ್ಲಿ ಕೂತ ಮದುಮಕ್ಕಳು, ಹಣೆಯ ಬಾಸಿಂಗ, ಎತ್ತರದ ಛತ್ರಗಳು, ಊರಮನೆಯ ಚಪ್ಪರಗಳು ಎಲ್ಲವೂ ಸೇರಿ ಈ ಸಾಧನದ ಗುಣವನ್ನೂ ಮಿತಿಯನ್ನೂ ಚೆನ್ನಾಗಿ ಹೊರಗೆಡಹುತ್ತವೆ.

ರಚನೆ ಮತ್ತು ಬಗೆಗಳು

ಎಲ್ಲಕ್ಕಿಂತ ಸರಳವಾದುದು ಎಲ್ ಆಕಾರಕ್ಕೆ ಬಗ್ಗಿಸಿದ ಅಲ್ಯೂಮಿನಿಯಂ ಪಟ್ಟಿ. ಅಡ್ಡ ಭಾಗದಲ್ಲಿ ಉದ್ದನೆಯ ಸೀಳು, ಆ ಸೀಳಿನಲ್ಲಿ ಜರುಗುವ ತಿರುಪು, ನಿಂತ ಭಾಗದ ತುದಿಯಲ್ಲಿ ಫ್ಲ್ಯಾಶಿನ ಪಾದ ಸಿಕ್ಕಿಸುವ ಶೂ. ತಿರುಪಿನ ದಪ್ಪ ಕಾಲು ಅಂಗುಲ, ಅಂಗುಲಕ್ಕೆ 20 ಸುತ್ತು. ಜಗತ್ತಿನ ಬಹುಪಾಲು ಕ್ಯಾಮೆರಾಗಳ ತಳದ ಟ್ರೈಪಾಡ್ ತೂತಿಗೆ ಇದೇ ಅಳತೆ. ಹೀಗಾಗಿ ಸಾದಾ ಬ್ರಾಕೆಟ್ಟನ್ನು ಊರಿನ ಲೇತ್ ಅಂಗಡಿಯಲ್ಲೂ ಮಾಡಿಸಿಕೊಳ್ಳಬಹುದು. ಆದರೆ ಪಟ್ಟಿಯಿಂದ ಮೇಲಕ್ಕೆ ಚಾಚಿದ ತಿರುಪಿನ ಉದ್ದ ಸುಮಾರು 5 ಮಿ.ಮೀ. ಮೀರಬಾರದು. ಮೀರಿದರೆ ಅದು ತೂತಿನ ತಳಕ್ಕೆ ಒತ್ತಿ ಕ್ಯಾಮೆರಾದ ಒಡಲನ್ನೇ ಕೆಡಿಸುತ್ತದೆ. ಪಟ್ಟಿಯ ಮೇಲೆ ತೆಳುವಾದ ರಬ್ಬರ್ ಹಾಳೆ ಇರಬೇಕು. ಇಲ್ಲವಾದರೆ ಅರ್ಧ ದಿನದ ಓಡಾಟದಲ್ಲಿ ತಿರುಪು ಸಡಿಲವಾಗಿ ಕ್ಯಾಮೆರಾ ತಿರುಗತೊಡಗುತ್ತದೆ.

ಈ ಸಾದಾ ಪಟ್ಟಿಯಲ್ಲಿ ಫ್ಲ್ಯಾಶ್ ಕ್ಯಾಮೆರಾದ ಎಡಕ್ಕೆ ನಿಲ್ಲುತ್ತದೆ. ಕ್ಯಾಮೆರಾವನ್ನು ಅಡ್ಡ ಹಿಡಿದಾಗ ಬೆಳಕು ಪಕ್ಕದಿಂದ ಬೀಳುತ್ತದೆ. ಶಟರ್ ಗುಂಡಿ ಕೆಳಗೆ ಬರುವಂತೆ ಉದ್ದ ಹಿಡಿದರೆ ಫ್ಲ್ಯಾಶ್ ಲೆನ್ಸಿನ ಮೇಲಕ್ಕೆ ಬರುತ್ತದೆ. ಗುಂಡಿ ಮೇಲೆ ಬರುವಂತೆ ಹಿಡಿದರೆ ದೀಪ ಕೆಳಗಿಳಿದು, ಗಲ್ಲದ ನೆರಳು ಮೇಲಕ್ಕೇರಿ ಮುಖ ನಾಟಕದ ರಾಕ್ಷಸನಂತಾಗುತ್ತದೆ. ಎರಡನೆಯ ಬಗೆಯಲ್ಲಿ ಫ್ಲ್ಯಾಶಿನ ತೋಳಿಗೆ ಕೀಲು ಇರುತ್ತದೆ: ಕ್ಯಾಮೆರಾ ತಿರುಗಿಸಿದಾಗ ತೋಳನ್ನು ಮಗುಚಿ ದೀಪವನ್ನು ಮತ್ತೆ ಲೆನ್ಸಿನ ನೆತ್ತಿಗೆ ತರಬಹುದು. ಮೂರನೆಯದರಲ್ಲಿ ಫ್ಲ್ಯಾಶ್ ಕದಲುವುದಿಲ್ಲ, ಕ್ಯಾಮೆರಾ ಮಾತ್ರ ಚೌಕಟ್ಟಿನೊಳಗೆ ಅಡ್ಡಕ್ಕೂ ಉದ್ದಕ್ಕೂ ತಿರುಗುತ್ತದೆ. ಅಮೆರಿಕದ ಸ್ಟ್ರೋಬೋಫ್ರೇಮ್ ಮತ್ತು ಕಸ್ಟಮ್ ಬ್ರಾಕೆಟ್ಸ್ ಹೆಸರಿನ ಸಾಧನಗಳು ಈ ಕೊನೆಯ ಎರಡು ಬಗೆಗಳಿಂದ ಹೆಸರಾದವು. ಕೆಲಸಕ್ಕೆ ಇವೇ ಹೆಚ್ಚು ಅನುಕೂಲ, ಬೆಲೆಯಲ್ಲೂ ತೂಕದಲ್ಲೂ ಇವೇ ಭಾರ.

ಹಿನ್ನೆಲೆ

ಮೊದಲ ಕ್ಯಾಮೆರಾಗಳಲ್ಲಿ ದೀಪಕ್ಕೆ ಜಾಗವೇ ಇರಲಿಲ್ಲ. ಮೆಗ್ನೀಸಿಯಮ್ ಪುಡಿಯನ್ನು ತಟ್ಟೆಯಲ್ಲಿಟ್ಟು, ಕೈಯಲ್ಲಿ ಎತ್ತಿ ಹಿಡಿದು ಉರಿಸುತ್ತಿದ್ದರು. ಬೆಳಕಿನ ಜತೆಗೆ ಹೊಗೆಯೂ ಬೆಂಕಿಯ ಭಯವೂ ಬರುತ್ತಿದ್ದವು. 1929ರಲ್ಲಿ ಜರ್ಮನಿಯಲ್ಲಿ ಗಾಜಿನೊಳಗೇ ಉರಿಯುವ ಫ್ಲ್ಯಾಶ್ ಬಲ್ಬು ಮಾರುಕಟ್ಟೆಗೆ ಬಂದ ಮೇಲೆ, ಬ್ಯಾಟರಿಯ ಕೊಳವೆ ಮತ್ತು ಬಟ್ಟಲಿನಂಥ ಪ್ರತಿಫಲಕವನ್ನು ಕ್ಯಾಮೆರಾದ ಪಕ್ಕಕ್ಕೆ ಕಟ್ಟುವ ಪದ್ಧತಿ ಬೆಳೆಯಿತು. ಅಮೆರಿಕದ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿದ್ದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾದ ಚಹರೆಯೇ ಅದಾಯಿತು. 1930ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ರೂಢಿಗೆ ತಂದರು. ಒಂದೇ ದೀಪ ಸಾವಿರಾರು ಸಲ ಮಿಂಚುವಂತಾದದ್ದು ಆಮೇಲೆ.

ಕರ್ನಾಟಕದ ಸಣ್ಣ ಊರುಗಳ ಸ್ಟುಡಿಯೋಗಳಲ್ಲಿ ಬಹುಕಾಲ ಉಳಿದದ್ದು 120 ಅಳತೆಯ ಫಿಲ್ಮಿನ ಜೋಡಿ ಲೆನ್ಸಿನ ಕ್ಯಾಮೆರಾಗಳು. 1970ರಲ್ಲಿ ಬಂದ ಯಾಶಿಕಾ ಮ್ಯಾಟ್ 124ಜಿ ಈ ಜಾತಿಗೆ ಸೇರಿದ್ದು. ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಈ ಕ್ಯಾಮೆರಾಗಳ ನೆತ್ತಿ ನೋಟದ ಕಿಂಡಿಗೆ ಮೀಸಲು, ಹೀಗಾಗಿ ಫ್ಲ್ಯಾಶ್ ಪಕ್ಕಕ್ಕೇ ಹೋಗಬೇಕಿತ್ತು. ಅವುಗಳ ಶಟರ್ ಲೆನ್ಸಿನೊಳಗೇ ಇದ್ದುದರಿಂದ ಸೆಕೆಂಡಿನ 1/500ರವರೆಗಿನ ಯಾವ ವೇಗದಲ್ಲೂ ಫ್ಲ್ಯಾಶ್ ಹೊಂದುತ್ತಿತ್ತು. ಶಟರ್ ಫಿಲ್ಮಿನ ಮುಂದಿರುವ 35 ಮಿ.ಮೀ. ಕ್ಯಾಮೆರಾಗಳಲ್ಲಿ ಆ ಸೌಕರ್ಯ ಹೋಯಿತು. ಹಲವು ಮಾದರಿಗಳಿಗೆ 1/60 ಸೆಕೆಂಡೇ ಗರಿಷ್ಠ. ಜರ್ಮನಿಯ ಮೆಟ್ಜ್ ಸಂಸ್ಥೆಯ 45 ಸಿಟಿ-1ರಂಥ ಹಿಡಿಕೆಯ ಫ್ಲ್ಯಾಶ್‌ಗಳಲ್ಲಿ ಬ್ರಾಕೆಟ್ ದೀಪದ ಅಂಗವೇ ಆಗಿತ್ತು.

ಕೋಲಾರ ಜಿಲ್ಲೆಯ ಬೆಳಕಿನ ಚರಿತ್ರೆಯಲ್ಲೊಂದು ವಿಚಿತ್ರವಿದೆ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲೇ ತಲುಪಿತು. ಬೆಂಗಳೂರಿನ ಬೀದಿಗಳಿಗಿಂತ ಮೊದಲು. ಆದರೆ ಸುತ್ತಣ ಹಳ್ಳಿಗಳ ಮದುವೆಗಳು ಆಮೇಲೂ ದಶಕಗಟ್ಟಲೆ ಪೆಟ್ರೋಮ್ಯಾಕ್ಸ್ ದೀಪದ ಬೆಳಕಿನಲ್ಲೇ ನಡೆದವು. ಅಂಥ ಚಪ್ಪರದಲ್ಲಿ 100 ಐಎಸ್‌ಒ ಫಿಲ್ಮು ಹಿಡಿದು ನಿಂತವರಿಗೆ ಫ್ಲ್ಯಾಶ್ ಬಿಟ್ಟರೆ ಬೇರೆ ಬೆಳಕಿರಲಿಲ್ಲ.

ಕೆಲಸದ ತತ್ತ್ವ

ಮಬ್ಬು ಬೆಳಕಿನಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಲೆನ್ಸಿನ ಸನಿಹದಿಂದ ಹೊರಟ ಬೆಳಕು ಪಾಪೆಯ ಮೂಲಕ ಒಳಹೊಕ್ಕು, ಕಣ್ಣಿನ ಹಿಂಗೋಡೆಯ ರಕ್ತನಾಳಗಳಿಂದ ಕೆಂಪಾಗಿ, ಬಂದ ದಾರಿಯಲ್ಲೇ ಮರಳಿ ಲೆನ್ಸಿಗೆ ಬೀಳುವುದೇ ಕೆಂಗಣ್ಣಿನ ಕಾರಣ. ದೀಪಕ್ಕೂ ಲೆನ್ಸಿಗೂ ನಡುವಿನ ಕೋನ ಹೆಚ್ಚಿದರೆ ಆ ಬೆಳಕು ಲೆನ್ಸನ್ನು ತಪ್ಪಿಸಿಕೊಂಡು ಹೋಗುತ್ತದೆ. ಕ್ಯಾಮೆರಾದ ನೆತ್ತಿಯ ಶೂನಲ್ಲಿ ಕೂತ ಫ್ಲ್ಯಾಶಿನ ತಲೆ ಲೆನ್ಸಿನ ನಡುವಿನಿಂದ ಸುಮಾರು 13 ಸೆಂ.ಮೀ. ಮೇಲಿದೆ ಎನ್ನೋಣ. 3 ಮೀಟರ್ ದೂರದ ಮುಖಕ್ಕೆ ಅದರ ಕೋನ ಎರಡೂವರೆ ಡಿಗ್ರಿ. ಬ್ರಾಕೆಟ್ಟಿನಿಂದ 30 ಸೆಂ.ಮೀ. ಎತ್ತರಿಸಿದರೆ ಸುಮಾರು 5.7 ಡಿಗ್ರಿ. 6 ಮೀಟರಿಗೆ ಹಿಂದೆ ಸರಿದರೆ ಬ್ರಾಕೆಟ್ ಇದ್ದರೂ ಕೋನ ಮತ್ತೆ ಮೂರು ಡಿಗ್ರಿಯೊಳಗೆ ಇಳಿಯುತ್ತದೆ. ಉದ್ದ ಜೂಮ್ ಲೆನ್ಸಿನಿಂದ ದೂರದ ಮಕ್ಕಳ ಚಿತ್ರ ತೆಗೆದಾಗ ಕೆಂಗಣ್ಣು ಮತ್ತೆ ಕಾಣಿಸಿಕೊಳ್ಳುವುದು ಇದರಿಂದ. ಕಣ್ಣಿನ ಹಿಂಭಾಗದಲ್ಲಿ ವರ್ಣದ್ರವ್ಯ ದಟ್ಟವಾಗಿರುವವರಲ್ಲಿ ಕೆಂಪು ಅಷ್ಟಾಗಿ ಹೊಳೆಯುವುದಿಲ್ಲವಾದ್ದರಿಂದ ನಮ್ಮ ಕಡೆ ಬ್ರಾಕೆಟ್ಟಿನ ದೊಡ್ಡ ಲಾಭವೆಂದರೆ ನೆರಳಿನ ನಿರ್ವಹಣೆಯೇ.

ನೆರಳಿನ ಲೆಕ್ಕವೂ ಸುಲಭ. ವ್ಯಕ್ತಿ ಕ್ಯಾಮೆರಾದಿಂದ 3 ಮೀಟರ್ ದೂರ, ಹಿಂದಿನ ಗೋಡೆ ಅಲ್ಲಿಂದ ಅರ್ಧ ಮೀಟರ್ ದೂರ, ಫ್ಲ್ಯಾಶ್ ಲೆನ್ಸಿನಿಂದ 30 ಸೆಂ.ಮೀ. ಮೇಲೆ ಇದ್ದರೆ ಗೋಡೆಯ ಮೇಲಿನ ನೆರಳು 5 ಸೆಂ.ಮೀ. ಕೆಳಗಿಳಿಯುತ್ತದೆ. ಗೋಡೆ ಒಂದೂವರೆ ಮೀಟರ್ ಹಿಂದಿದ್ದರೆ ಇಳಿತ 15 ಸೆಂ.ಮೀ. ಮೇಲಿನಿಂದ ಬಂದ ಬೆಳಕಿನ ನೆರಳು ಹೆಗಲ ಹಿಂದೆ ಮರೆಯಾಗುತ್ತದೆ. ಪಕ್ಕದಿಂದ ಬಂದದ್ದು ಕೆನ್ನೆಯ ಬದಿಗೆ ಕಪ್ಪು ಅಂಚಾಗಿ ಕೂರುತ್ತದೆ. ಅಂದರೆ ದುಬಾರಿ ಬ್ರಾಕೆಟ್ ಕೊಳ್ಳುವ ಮೊದಲು ಜನರನ್ನು ಗೋಡೆಯಿಂದ ಎರಡು ಹೆಜ್ಜೆ ಮುಂದೆ ಕರೆಯುವುದು ಲೇಸು.

ಬೆಳಕಿನ ಮೃದುತ್ವ ನಿರ್ಧಾರವಾಗುವುದು ದೀಪದ ಅಗಲದಿಂದ. ನಾಲ್ಕು ಬೆರಳಗಲದ ಕಿಂಡಿಯಿಂದ ಹೊರಟ ಬೆಳಕು ಬ್ರಾಕೆಟ್ಟಿನ ತುದಿಯಲ್ಲಿದ್ದರೂ ಗಡಸೇ, ನೆರಳಿನ ಅಂಚು ಚೂರಿಯಂತೆಯೇ. ಮೃದುತ್ವ ಬೇಕಾದವರು ಫ್ಲ್ಯಾಶಿನ ಮುಂದೆ ಅಗಲವಾದ ಬಟ್ಟೆಯ ಡಬ್ಬಿಯನ್ನೋ ಬಿಳಿಯ ಹಾಳೆಯನ್ನೋ ಕಟ್ಟಬೇಕು. ಅದಕ್ಕೆ ತೆರಬೇಕಾದ ಬೆಲೆ ಶಕ್ತಿ. 100 ಐಎಸ್‌ಒಗೆ ಗೈಡ್ ನಂಬರ್ (ಫ್ಲ್ಯಾಶಿನ ಬಲದ ಅಳತೆ) 40 ಇರುವ ಫ್ಲ್ಯಾಶ್, 400 ಐಎಸ್‌ಒ ಮತ್ತು ಎಫ್ 5.6ರಲ್ಲಿ ಸುಮಾರು 14 ಮೀಟರ್ ತಲುಪುತ್ತದೆ. ಎರಡು ಸ್ಟಾಪ್, ಅಂದರೆ ಮುಕ್ಕಾಲು ಪಾಲು ಬೆಳಕು, ನುಂಗುವ ಡಬ್ಬಿ ಹಾಕಿದರೆ 7 ಮೀಟರ್.

ಮದುವೆಮನೆಯಲ್ಲಿ

ಫ್ಲ್ಯಾಶನ್ನು ಚಾವಣಿಗೆ ತಿರುಗಿಸಿ, ಅಲ್ಲಿಂದ ಮರಳಿದ ಬೆಳಕಿನಲ್ಲಿ ಚಿತ್ರ ತೆಗೆಯುವುದು ಎಲ್ಲ ಪಠ್ಯಪುಸ್ತಕಗಳ ಉಪದೇಶ. ತಗ್ಗಿದ ಬಿಳಿ ತಾರಸಿಯ ಮನೆಗಳಲ್ಲಿ ಅದು ಬ್ರಾಕೆಟ್ಟಿಗಿಂತ ಎಷ್ಟೋ ಚೆಂದ. ಆದರೆ ದೊಡ್ಡ ಕಲ್ಯಾಣ ಮಂಟಪದ ಚಾವಣಿ 6 ಮೀಟರ್ ಎತ್ತರವಿದ್ದರೆ, ನಿಂತವರ ಕೈಯಿಂದ ಮೇಲೇರಿ ಹಸೆಮಣೆಯ ಮೇಲಿನ ಮುಖಕ್ಕಿಳಿಯುವಷ್ಟರಲ್ಲಿ ಬೆಳಕು 9 ಮೀಟರ್ ಮೀರಿ ಸಾಗಿರುತ್ತದೆ. 3 ಮೀಟರಿನ ನೇರ ಬೆಳಕಿನೆದುರು ಅದರ ಬಲ ಒಂಬತ್ತರಲ್ಲೊಂದು ಪಾಲು. ಸೂರು ಹೀರಿಕೊಂಡದ್ದು ಬೇರೆ. ಊರಮನೆಗಳಲ್ಲಿ ಬಣ್ಣದ ಕಾಟ. ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು; ಹೆಂಚಿನ ಸೂರಿಗೆ ಬಡಿದ ಬೆಳಕು ಸೋತು, ಕೆಂಪು ಹತ್ತಿ ಕೆಳಗಿಳಿಯುತ್ತದೆ. ತೆಂಗಿನ ಗರಿಯ ಚಪ್ಪರದಲ್ಲಿ ಮುಖಕ್ಕೆ ಹಸಿರು ಛಾಯೆ, ಕೆಂಪು ಹಳದಿಯ ಶಾಮಿಯಾನದಲ್ಲಿ ಕಿತ್ತಳೆ. ಇಂಥ ಕಡೆ ನೇರ ಬೆಳಕೇ ಗತಿ, ನೇರ ಬೆಳಕಿಗೆ ಬ್ರಾಕೆಟ್ಟೇ ಆಸರೆ.

ಬ್ರಾಕೆಟ್ಟಿನ ದೀಪವನ್ನು ಎಷ್ಟು ಎತ್ತರಕ್ಕೆ ಏರಿಸಬೇಕೆಂಬುದರಲ್ಲೇ ಹೆಚ್ಚಿನವರು ಎಡವುವುದು. ಮದುಮಕ್ಕಳು ನೆಲದ ಮಟ್ಟದಲ್ಲಿ ಮಣೆಯ ಮೇಲೆ ಕೂತಿರುತ್ತಾರೆ, ಚಿತ್ರ ತೆಗೆಯುವವರು ನಿಂತಿರುತ್ತಾರೆ. ನಿಂತ ಎತ್ತರವೇ ಬೆಳಕನ್ನು ಸಾಕಷ್ಟು ಮೇಲಕ್ಕೆ ಒಯ್ದಿರುತ್ತದೆ. ಅದರ ಮೇಲೆ ಬ್ರಾಕೆಟ್ಟಿನ 30 ಸೆಂ.ಮೀ. ಸೇರಿದರೆ ಹಣೆ ಬೆಳಗಿ ಕಣ್ಣುಗಳು ಕತ್ತಲಾಗುತ್ತವೆ. ಹಣೆಗೆ ಕಟ್ಟಿದ ಬಾಸಿಂಗ ಮುಂದಕ್ಕೆ ಚಾಚಿಕೊಂಡಿರುವುದರಿಂದ ಅದರ ನೆರಳು ನೇರವಾಗಿ ರೆಪ್ಪೆಯ ಮೇಲೆ ಇಳಿಯುತ್ತದೆ. ಮದುಮಗನ ಪೇಟವೂ ಅದೇ ಕೆಲಸ ಮಾಡುತ್ತದೆ. ಮದುಮಗಳು ತಲೆ ತಗ್ಗಿಸಿದ್ದರೆ ಮುಗಿಯಿತು. ಪರಿಹಾರ ಸುಲಭ, ಆದರೆ ಮಂಡಿಗೆ ನೋವು: ಮದುಮಕ್ಕಳ ಕಣ್ಣಿನ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತು, ದೀಪವನ್ನು ಲೆನ್ಸಿನಿಂದ ಸ್ವಲ್ಪವೇ ಮೇಲೆ, ಒಂದಿಷ್ಟು ಪಕ್ಕಕ್ಕೆ ಇಟ್ಟುಕೊಳ್ಳುವುದು. ನಿಂತೇ ತೆಗೆಯಬೇಕಾದಾಗ ಸಾದಾ ಎಲ್ ಪಟ್ಟಿಯಲ್ಲಿ ದೀಪವನ್ನು ಲೆನ್ಸಿನ ಮಟ್ಟಕ್ಕೇ ಇಳಿಸಿ ಪಕ್ಕಕ್ಕಿಡುವುದು ದುಬಾರಿ ಕೀಲಿನ ಬ್ರಾಕೆಟ್ಟಿಗಿಂತ ಒಳ್ಳೆಯ ಫಲ ಕೊಡುತ್ತದೆ.

ಜೀರಿಗೆ ಬೆಲ್ಲದ ಶಾಸ್ತ್ರದಲ್ಲಿ ವಧೂವರರ ನಡುವೆ ಅಂತರಪಟ ಹಿಡಿದಿರುತ್ತಾರೆ. ಬಿಳಿ ಬಟ್ಟೆ ಒಂದು ದೊಡ್ಡ ಪ್ರತಿಫಲಕ. ಮದುಮಗಳ ಕಡೆ ನಿಂತು, ಬ್ರಾಕೆಟ್ಟಿನ ದೀಪ ಬಟ್ಟೆಯ ಕಡೆಗೆ ಹೆಚ್ಚು ವಾಲುವಂತೆ ಮಾಡಿದರೆ ಅಲ್ಲಿಂದ ಮರಳಿದ ಮೆದು ಬೆಳಕು ಅವಳ ಮುಖವನ್ನು ತುಂಬುತ್ತದೆ. ಬ್ರಾಕೆಟ್ಟಿಗೆ ಮೃದುತ್ವ ಪುಕ್ಕಟೆಯಾಗಿ ಸಿಗುವ ಅಪರೂಪದ ಗಳಿಗೆ ಇದು. ಅದರ ಜತೆಗೆ ಒಂದು ಬಲೆಯೂ ಇದೆ. ಬೆಳಕನ್ನು ತಾನೇ ಅಳೆಯುವ ಟಿಟಿಎಲ್ ಫ್ಲ್ಯಾಶ್ ಅಷ್ಟು ಬಿಳುಪನ್ನು ಕಂಡು ಶಕ್ತಿ ತಗ್ಗಿಸಿಬಿಡುತ್ತದೆ. ಅಂತರಪಟ, ಬಿಳಿ ಪಂಚೆ, ಶಲ್ಯ ಚೌಕಟ್ಟನ್ನು ತುಂಬಿದಾಗ ಸುಮಾರು ಒಂದು ಸ್ಟಾಪಿನಷ್ಟು ಕೈಯಿಂದ ಹೆಚ್ಚಿಸಿಕೊಳ್ಳಬೇಕು.

ಗಟ್ಟಿಮೇಳ ಮೊಳಗಿ ತಾಳಿ ಕಟ್ಟುವಾಗ ಎಲ್ಲ ಕಡೆಯಿಂದ ಅಕ್ಷತೆ ಹಾರುತ್ತದೆ. ಲೆನ್ಸಿನ ಮುಂದೆಯೇ ತೇಲಿದ ಕಾಳು ನೆತ್ತಿಯ ಫ್ಲ್ಯಾಶಿನಿಂದ ಬೆಳಗಿ ಮದುಮಗಳ ಮುಖದ ಮೇಲೆ ಬಿಳಿ ಮಚ್ಚೆಯಾಗಿ ನಿಲ್ಲಬಲ್ಲದು. ಹೋಮದ ಹೊಗೆಯೂ ಹಾಗೆಯೇ ಮಂಜು ಕವಿಸುತ್ತದೆ. ಸಮುದ್ರದಾಳದಲ್ಲಿ ಚಿತ್ರ ತೆಗೆಯುವವರು ನೀರಿನ ಕಸ ಬೆಳಗದಿರಲೆಂದು ಫ್ಲ್ಯಾಶ್‌ಗಳನ್ನು ಉದ್ದ ತೋಳುಗಳ ತುದಿಯಲ್ಲಿ ದೂರ ಇಡುವುದು ಇದೇ ಕಾರಣಕ್ಕೆ. ಅಷ್ಟು ಉದ್ದವಿಲ್ಲದ ಮದುವೆಯ ಬ್ರಾಕೆಟ್ ಈ ಕಾಟವನ್ನು ತಗ್ಗಿಸುತ್ತದೆ, ಪೂರ್ತಿ ಕಳೆಯುವುದಿಲ್ಲ.

ಸಂಜೆಯ ಆರತಕ್ಷತೆಯ ಗುಂಪು ಚಿತ್ರಗಳಲ್ಲಿ ಬ್ರಾಕೆಟ್ಟಿನ ಪಾತ್ರ ಕಿರಿದು. ಮುಂದಿನ ಸಾಲು 3 ಮೀಟರ್, ಹಿಂದಿನದು ನಾಲ್ಕೂವರೆ ಮೀಟರ್ ದೂರದಲ್ಲಿದ್ದರೆ ಹಿಂದಿನವರಿಗೆ ಸಿಗುವ ಬೆಳಕು ಅರ್ಧಕ್ಕೂ ಕಡಿಮೆ. ಛಾಯಾಗ್ರಾಹಕರು ಇನ್ನೂ 3 ಮೀಟರ್ ಹಿಂದೆ ಸರಿದರೆ ಆ ಕೊರತೆ ಸುಮಾರು ಮೂರನೇ ಒಂದು ಪಾಲಿಗಿಳಿಯುತ್ತದೆ. ದೀಪವನ್ನು ಎತ್ತರಿಸಿದ್ದರಿಂದ ಮುಂದಿನವರ ತಲೆಯ ನೆರಳು ಹಿಂದಿನವರ ಮುಖಕ್ಕೆ ಬೀಳದೆ ಎದೆಗೆ ಬೀಳುವುದಷ್ಟೇ ಲಾಭ. ವೇದಿಕೆಯ ನೀಲಿ, ನೇರಳೆ ಎಲ್ಇಡಿಗಳ ನಡುವೆ ಫ್ಲ್ಯಾಶಿನ ಹಗಲು ಬಿಳುಪು ಬೇರೆಯಾಗಿ ಕಾಣುತ್ತದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಮಿನುಗುವ ದೀಪಗಳ ಪಟ್ಟೆ ಬರದಿರಲು ಶಟರನ್ನು 1/50 ಅಥವಾ 1/100ಕ್ಕೆ ಇಡುವುದು ರೂಢಿ. ಜನ ಕಿಕ್ಕಿರಿದ ವೇದಿಕೆಯಲ್ಲಿ ಬ್ರಾಕೆಟ್ಟಿನ ಮೊನೆ ಪಕ್ಕದವರ ತಲೆಗೆ ತಾಗುವುದೂ ಹೂವಿನ ಮಾಲೆಗೆ ಸಿಕ್ಕಿಕೊಳ್ಳುವುದೂ ಉಂಟು. ಈ ವಿಷಯ ಯಾವ ಕೈಪಿಡಿಯಲ್ಲೂ ಇರುವುದಿಲ್ಲ.

ಭಾವಚಿತ್ರದಲ್ಲಿ

ಒಬ್ಬರ ಮುಖವನ್ನು ಉದ್ದ ಚೌಕಟ್ಟಿನಲ್ಲಿ ತೆಗೆಯುವುದೇ ಬ್ರಾಕೆಟ್ಟಿನ ಸಹಜ ಕ್ಷೇತ್ರ. ನೆತ್ತಿಯ ಶೂನಲ್ಲೇ ಫ್ಲ್ಯಾಶ್ ಇಟ್ಟು ಕ್ಯಾಮೆರಾ ತಿರುಗಿಸಿದರೆ ಬೆಳಕು ಒಂದು ಕಿವಿಯ ಕಡೆಯಿಂದ ಬರುತ್ತದೆ. ಕೀಲಿನ ಬ್ರಾಕೆಟ್ ಅದನ್ನು ಮತ್ತೆ ಮೇಲಕ್ಕೆ ತಂದು, ಮೂಗಿನ ಕೆಳಗೆ ಪುಟ್ಟ ನೆರಳು, ಕಣ್ಣಿನ ಮೇಲ್ಭಾಗದಲ್ಲಿ ಮಿಂಚು ಮೂಡಿಸುತ್ತದೆ. ಕನ್ನಡಕ ಹಾಕಿದ ಹಿರಿಯರಿಗೆ ಕನ್ನಡಕದ ಕಾಲುಗಳನ್ನು ಕಿವಿಯಿಂದ ಕೊಂಚ ಎತ್ತಿಸಿದರೆ ಗಾಜು ನೆಲದ ಕಡೆ ಬಾಗಿ, ಮೇಲಿನ ದೀಪದ ಹೊಳಪು ಕೆಳಕ್ಕೆ ಜಾರಿಹೋಗುತ್ತದೆ. ಹಿಂದೆ ದೇವರ ಪಟದ ಗಾಜೋ ನಯಗೊಳಿಸಿದ ಗ್ರಾನೈಟ್ ಗೋಡೆಯೋ ಇದ್ದರೆ ದೀಪವನ್ನು ಪಕ್ಕಕ್ಕೊಯ್ಯುವುದು ಮೇಲು.

ಮೊಗ್ಗಿನ ಜಡೆಯ ಚಿತ್ರ ಇದಕ್ಕಿಂತ ಕಷ್ಟದ್ದು. ಹುಡುಗಿಯನ್ನು ಕನ್ನಡಿಯ ಮುಂದೆ ಕೂರಿಸಿ, ಮುಖವೂ ಕನ್ನಡಿಯಲ್ಲಿ ಜಡೆಯೂ ಒಟ್ಟಿಗೆ ಬರುವಂತೆ ತೆಗೆಯುವ ಈ ಪದ್ಧತಿ ಹಳೆಯ ಮೈಸೂರು ಸೀಮೆಯ ಸ್ಟುಡಿಯೋಗಳಲ್ಲಿ ಬಲು ಜನಪ್ರಿಯವಾಗಿತ್ತು. ಸೀಮಂತ, ಆರತಿ ಶಾಸ್ತ್ರಗಳಲ್ಲಿ ಈಗಲೂ ಕೇಳುವವರಿದ್ದಾರೆ. ಕನ್ನಡಿ ಕ್ಯಾಮೆರಾಕ್ಕೆ ನೇರವಾಗಿ ಎದುರಿದ್ದರೆ ಫ್ಲ್ಯಾಶೇ ಚಿತ್ರದಲ್ಲಿ ಸಿಡಿಯುತ್ತದೆ. ಹೀಗಾಗಿ ಕನ್ನಡಿಯನ್ನು ಹುಡುಗಿಯ ಬೆನ್ನ ಹಿಂದೆ, ಕ್ಯಾಮೆರಾದಿಂದ ನೋಡಿದಾಗ ಎಡಕ್ಕೆ ಇಟ್ಟು ಬಲಕ್ಕೆ ವಾಲಿಸುತ್ತಾರೆ. ಆಗ ಬ್ರಾಕೆಟ್ಟಿನ ದೀಪವೂ ಎಡಕ್ಕೇ ಇರಬೇಕು. ಕ್ಯಾಮೆರಾದ ನೋಟ ಕನ್ನಡಿಯಿಂದ ಬಲಕ್ಕೆ ತಿರುಗುವುದರಿಂದ ಎಡದ ದೀಪ ಅದರಲ್ಲಿ ಕಾಣಿಸದು. ಜತೆಗೆ ಆ ದೀಪದ ಬೆಳಕು ಕನ್ನಡಿಗೆ ಬಡಿದು ಜಡೆಯ ಮೇಲೆಯೇ ಬೀಳುತ್ತದೆ. ಇಲ್ಲದಿದ್ದರೆ ಜಡೆ ಹುಡುಗಿಯ ನೆರಳಿನಲ್ಲೇ ಉಳಿಯುತ್ತದೆ. ಇನ್ನು ದೂರದ ಲೆಕ್ಕ: ಮುಖ 2 ಮೀಟರ್, ಕನ್ನಡಿ 2.8 ಮೀಟರ್, ಕನ್ನಡಿಯಿಂದ ಜಡೆಗೆ 0.6 ಮೀಟರ್ ಇದ್ದರೆ ಪ್ರತಿಬಿಂಬದ ಜಡೆ ಕ್ಯಾಮೆರಾದ ಪಾಲಿಗೆ 3.4 ಮೀಟರ್ ದೂರದ ವಸ್ತು. ಎರಡೂ ಸ್ಪಷ್ಟವಾಗಲು ಎಫ್ 8 ಅಥವಾ ಎಫ್ 11 ಬೇಕು. ಜಡೆಗೆ ತಲುಪುವ ಬೆಳಕು ಮುಖಕ್ಕಿಂತ ಸುಮಾರು ಒಂದೂವರೆ ಸ್ಟಾಪ್ ಕಡಿಮೆ, ಆದರೆ ಮಲ್ಲಿಗೆ ಮೊಗ್ಗಿನ ಬಿಳುಪು ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಗುಡಿ ಮತ್ತು ಕರಗ

ಕೋಲಾರದ ಸೋಮೇಶ್ವರ ದೇವಾಲಯದ ಕಲ್ಯಾಣ ಮಂಟಪದ ಕಂಬಗಳಂಥ ಉಬ್ಬು ಕೆತ್ತನೆಗೆ ಬ್ರಾಕೆಟ್ ಸಾಲದು. ಕಲ್ಲಿನ ಆಳ ಕಾಣಲು ಬೆಳಕು ಪಕ್ಕದಿಂದ ಸವರಿಕೊಂಡು ಹೋಗಬೇಕು. ಆರು ಡಿಗ್ರಿಯ ಓರೆ ಆ ಕೆತ್ತನೆಯನ್ನು ಚಪ್ಪಟೆಯಾಗಿಯೇ ತೋರಿಸುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಸ್ಟ್ಯಾಂಡು, ದೀಪ ಹೂಡಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು; ಗರ್ಭಗುಡಿಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾಕ್ಕೇ ಪ್ರವೇಶವಿಲ್ಲ. ಕೋಲಾರ, ಮಾಲೂರುಗಳ ಕರಗದ ರಾತ್ರಿಯಲ್ಲಿ ಮಲ್ಲಿಗೆ ಮುಚ್ಚಿದ ಕರಗ ಹೊತ್ತವರ ಮುಖಕ್ಕಿಂತ ಮೇಲಿದ್ದು, ಎತ್ತರದ ದೀಪಕ್ಕೆ ಹತ್ತಿರವಾಗುತ್ತದೆ. ಹೂವು ಸುಟ್ಟಂತೆ ಬಿಳಿಚಿ ಮುಖ ಕಪ್ಪಾಗದಿರಲು ದೀಪವನ್ನು ಪಕ್ಕಕ್ಕಿಳಿಸಿ, ಶಕ್ತಿ ತಗ್ಗಿಸುವುದು ಒಳಿತು. ಕತ್ತಲಲ್ಲಿ ಹೆಜ್ಜೆ ಹಾಕುವವರ ಕಣ್ಣಿಗೆ ಸಮೀಪದಿಂದ ಫ್ಲ್ಯಾಶ್ ಹೊಡೆಯುವುದು ಅಪಾಯವೂ ಹೌದು.

ಸಂಪರ್ಕ ಮತ್ತು ಇಂದಿನ ಬಳಕೆ

ಶೂನಿಂದ ಇಳಿದ ಫ್ಲ್ಯಾಶಿಗೆ ಕ್ಯಾಮೆರಾದಿಂದ ಸಂದೇಶ ತಲುಪಬೇಕು. ಹಳೆಯ ಸಿಂಕ್ ತಂತಿ ಹೊತ್ತಿಸುವ ಸಂಕೇತವನ್ನಷ್ಟೇ ಒಯ್ಯುತ್ತಿತ್ತು. ಬೆಳಕಿನ ಅಳತೆಯೂ ಬೇಕಾದರೆ ಕ್ಯಾಮೆರಾ ಕಂಪನಿಗೆ ಹೊಂದುವ ಸುರುಳಿ ತಂತಿ ಬೇಕು, ನಿಕಾನಿಗೆ ಎಸ್‌ಸಿ-28, ಕ್ಯಾನನ್‌ಗೆ ಒಸಿ-ಇ3 ಇದ್ದಂತೆ. ಫ್ಲ್ಯಾಶಿನ ಪಾದವನ್ನು ಬರಿಯ ಲೋಹದ ಶೂಗೆ ಸಿಕ್ಕಿಸಿದರೆ ಅದರ ತಳದ ಬಿಂದುಗಳು ಒಂದಕ್ಕೊಂದು ಬೆಸೆದು ದೀಪ ತಾನಾಗಿ ಹೊಡೆಯಬಹುದು. ಅದನ್ನು ತಡೆಯಲು ಒಂದು ತುಂಡು ಇನ್ಸುಲೇಷನ್ ಟೇಪು ಸಾಕು. ಹಳೆಯ ಕೆಲವು ಫ್ಲ್ಯಾಶ್‌ಗಳ ತಂತಿಯಲ್ಲಿ ನೂರಾರು ವೋಲ್ಟ್ ಇರುವುದರಿಂದ ಅವನ್ನು ಡಿಜಿಟಲ್ ಕ್ಯಾಮೆರಾಕ್ಕೆ ನೇರ ಜೋಡಿಸಬಾರದು.

ಗೋಡಾಕ್ಸ್‌ನಂಥ ಅಗ್ಗದ ರೇಡಿಯೋ ಫ್ಲ್ಯಾಶ್‌ಗಳು ಬಂದ ಮೇಲೆ ಸಹಾಯಕರೊಬ್ಬರು ಕೋಲಿನ ತುದಿಯಲ್ಲಿ ದೀಪ ಹಿಡಿದು ನಿಲ್ಲುವುದು ಸಾಧ್ಯವಾಯಿತು. ಎರಡು ಮೀಟರ್ ದೂರದ ಆ ಬೆಳಕಿನೆದುರು ಬ್ರಾಕೆಟ್ಟಿನ 30 ಸೆಂ.ಮೀ. ಏನೂ ಅಲ್ಲ. ಹೆಚ್ಚಿನ ಐಎಸ್‌ಒದಲ್ಲೂ ಚೊಕ್ಕಟವಾಗಿ ತೆಗೆಯುವ ಕ್ಯಾಮೆರಾಗಳು ಫ್ಲ್ಯಾಶಿನ ಅಗತ್ಯವನ್ನೇ ಕಡಿಮೆ ಮಾಡಿವೆ, ವಿಡಿಯೋದವರ ಎಲ್ಇಡಿ ದೀಪಗಳು ವೇದಿಕೆಯನ್ನು ಹೇಗೂ ಬೆಳಗುತ್ತಿರುತ್ತವೆ. ಒಬ್ಬರೇ ಹೋಗಿ ಮುಗಿಸಬೇಕಾದ ನಾಮಕರಣ, ಗೃಹಪ್ರವೇಶ, ಶಾಲೆಯ ಸಮಾರಂಭಗಳಲ್ಲಿ, ಸಹಾಯಕರ ಕೂಲಿ ಹುಟ್ಟದ ಸಣ್ಣ ಮದುವೆಗಳಲ್ಲಿ ಬ್ರಾಕೆಟ್ ಉಳಿದಿದೆ. ಅದೇ ಪಟ್ಟಿಯ ಮೇಲೆ ಈಗ ಎಲ್ಇಡಿ ದೀಪವನ್ನೋ ಮೈಕನ್ನೋ ಕೂರಿಸಿ ವಿಡಿಯೋಗೆ ಬಳಸುವುದೂ ಇದೆ. ತಿರುಪಿನ ಅಳತೆ ಬದಲಾಗದ ಕಾರಣ ಹಳೆಯ ಪಟ್ಟಿ ಹೊಸ ಕ್ಯಾಮೆರಾಗಳಿಗೂ ಹೊಂದುತ್ತದೆ.